ಬಿಲಿರುಬಿನ್ 14, ಎಸ್‌ಜಿಪಿಟಿ ಬರೀ 110

ಕಾಮಾಲೆ ಅಂತ ಬಂದವರನ್ನು ನಾನು ಮೊದಲು ಕಿಟಕಿ ಹತ್ತಿರ ನಿಲ್ಲಿಸುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಕಣ್ಣಿನ ಹಳದಿ ಮೋಸ ಮಾಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಉಡುಪಿಯ ಕಿಟಕಿ ಬೆಳಕೂ ಅಷ್ಟಕ್ಕಷ್ಟೇ, ಆದರೂ ವಾಸಿ.

ಆಮೇಲೆ ಮೂತ್ರದ ವಿಷಯ. "ಕಣ್ಣ ಚಾದ (ಹಾಲು ಹಾಕದ ಚಹಾ) ಹಾಗೆ ಹೋಗ್ತದಾ?" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕಣ್ಣು ಹಳದಿ, ಮೂತ್ರ ಮಾಮೂಲು ಅಂದರೆ ರಕ್ತಕಣ ಒಡೆಯುತ್ತಿರಬಹುದು, ಇಲ್ಲವೇ ಹುಟ್ಟಿನಿಂದಲೇ ಬರುವ, ತೊಂದರೆ ಕೊಡದ ಗಿಲ್ಬರ್ಟ್ ಅನ್ನುವ ದೋಷ ಇರಬಹುದು. ಮಲ ಸುಣ್ಣದ ಬಣ್ಣ, ಮೈಯೆಲ್ಲ ತುರಿಕೆ ಅಂದರೆ ಪಿತ್ತನಾಳ ಎಲ್ಲೋ ಕಟ್ಟಿದೆ, ಸೀದಾ ಸ್ಕ್ಯಾನಿಂಗ್‌ಗೆ. ಜ್ವರವೂ ಇದ್ದರೆ ಮಲೇರಿಯಾ ಟೆಸ್ಟ್ ಬಿಡುವ ಹಾಗೇ ಇಲ್ಲ, ಇದು ಕರಾವಳಿ.

ಒಂದು ಮಳೆಗಾಲ ಬ್ರಹ್ಮಾವರ ಕಡೆಯ ಐವತ್ತರ ಆಸುಪಾಸಿನ ಒಬ್ಬರು ಬಂದರು. ಐದು ದಿನ ಜ್ವರ, ಈಗ ಕಣ್ಣು ಹಳದಿ. ಮನೆಯಲ್ಲಿ ನೆಲನೆಲ್ಲಿ ಕಷಾಯ, ಉಪ್ಪಿಲ್ಲದ ಗಂಜಿ ನಡೆದಿತ್ತು. ರಿಪೋರ್ಟಿನಲ್ಲಿ ಕಣ್ಣಿಗೆ ಹಳದಿ ತರುವ ಬಿಲಿರುಬಿನ್ 14, ಲಿವರ್ ಕಣಗಳಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ 110. ನನಗೆ ತಕರಾರು ಇದ್ದದ್ದು ಅಲ್ಲೇ. ವೈರಸ್‌ನಿಂದ ಬರುವ ಕಾಮಾಲೆ, ಹೆಪಟೈಟಿಸ್ ಎ ಆಗಿದ್ದರೆ ಎಸ್‌ಜಿಪಿಟಿ ಸಾಮಾನ್ಯವಾಗಿ ಸಾವಿರದ ಲೆಕ್ಕದಲ್ಲಿ ಇರುತ್ತದೆ. ಇಲ್ಲಿ ಹಳದಿ ಇಷ್ಟು ಜಾಸ್ತಿ, ಲಿವರ್ ಕಣಗಳಿಗೆ ಪೆಟ್ಟು ಇಷ್ಟೇ ಇಷ್ಟು.

ಮೀನಖಂಡ ಒತ್ತಿದೆ. "ಅಯ್ಯೋ ಡಾಕ್ಟ್ರೇ!" ಅಂತ ಕಾಲೆಳೆದುಕೊಂಡರು. ಕಣ್ಣಿನ ಹಳದಿಯ ಒಳಗೆ ಕೆಂಪು ಇತ್ತು. ಹಿಮ್ಮಡಿ ತುಂಬ ಬಿರುಕು.

"ಗದ್ದೆಗೆ ಇಳಿದಿದ್ರಾ?"

"ನಾಟಿ ಇತ್ತಲ್ಲ, ಎಂಟು ದಿನ ನೀರಲ್ಲೇ."

ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ 3.8, ಪ್ಲೇಟ್‌ಲೆಟ್ ಇಳಿದು 42 ಸಾವಿರ. ಇಲಿ ಮೂತ್ರ ಸೇರಿದ ನೀರಿನಿಂದ, ಚರ್ಮದ ಬಿರುಕಿನ ಮೂಲಕ ಹತ್ತುವ ಇಲಿ ಜ್ವರ (ಲೆಪ್ಟೋಸ್ಪೈರೋಸಿಸ್) ಅಂತ ಗಟ್ಟಿಯಾಯಿತು. ಮೊದಲ ವಾರ ರಕ್ತದ ಐಜಿಎಂ (ರೋಗದ ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ಟೆಸ್ಟ್ ನೆಗೆಟಿವ್ ಬರಬಹುದು, ಅದಕ್ಕೆ ಕಾಯಬಾರದು. ಪೆನಿಸಿಲಿನ್ ಶುರು ಮಾಡಿ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕಳಿಸಿದೆ. ಎರಡು ಸಲ ಡಯಾಲಿಸಿಸ್ ಬೇಕಾಯಿತು.

ಈ ಒತ್ತಿ ನೋಡುವ ಚಾಳಿ ಸುಮ್ನೆ ಬಂದದ್ದಲ್ಲ. ವರ್ಷಗಳ ಹಿಂದೆ ಇಂಥದೇ ಒಬ್ಬರಿಗೆ "ವೈರಲ್ ಕಾಮಾಲೆ, ರೆಸ್ಟ್ ತಗೊಳ್ಳಿ" ಅಂತ ಮನೆಗೆ ಕಳಿಸಿದ್ದೆ. ಕೆಲಸ ಏನು ಅಂತ ಕೇಳಿರಲಿಲ್ಲ. ಮೂರನೇ ದಿನ ಮೂತ್ರ ನಿಂತು ವಾಪಸ್ ಬಂದರು. ಉಳಿದರು, ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಬ್ರಹ್ಮಾವರದವರು ತಿಂಗಳು ಬಿಟ್ಟು ಬಂದರು. "ಇನ್ನು ಉಪ್ಪು ಹಾಕ್ಬಹುದಾ?" ಅಂತ ಹೆಂಡತಿ ಕೇಳಿದರು. ಮೊದಲೇ ಹಾಕಬಹುದಿತ್ತು ಅಮ್ಮ, ಅಂದೆ. ಮುಂದಿನ ನಾಟಿಗೆ ಗಂಬೂಟು ಹಾಕಿ ಅಂತ ಗಂಡನಿಗೆ ಹೇಳಿದರೆ ನಕ್ಕರು. "ಕೆಸರಲ್ಲಿ ಗಂಬೂಟು ಅಲ್ಲೇ ಉಳೀತದೆ ಡಾಕ್ಟ್ರೇ, ಕಾಲು ಮಾತ್ರ ಮೇಲೆ ಬರ್ತದೆ." ಅದೂ ಹೌದು, ಅಲ್ವಾ? ನಾಟಿ ಶುರುವಾಗುವ ಮೊದಲು ಒಮ್ಮೆ ಬನ್ನಿ, ಇಲಿ ಜ್ವರ ಬಾರದ ಹಾಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಡುತ್ತೇನೆ ಅಂದೆ.