ಕಕ್ಕಡದ ಕಥೆ ಕೂಟಕ್ಕೆ ಹೂಂಗುಟ್ಟುವವರು ಸಿಕ್ಕ ಬಗೆ

ಕೊಡಗಿನ ಗೋಣಿಕೊಪ್ಪಲಿನ ಹತ್ತಿರ, ನಮ್ಮ ಮನೆಯ ಹಳೆಯ ಕಾಫಿ ಗೋದಾಮಿನಲ್ಲಿ ಕಥೆ ಕೂಟ ಆರಂಭಿಸಿ ಐದು ಮಳೆಗಾಲವಾಯಿತು. ಮೊದಲ ಮೂರರಲ್ಲಿ ಸೋತೆ. “ಮೊಬೈಲ್ ಬಿಟ್ಟು ಯಾವ ಮಗು ಬರುತ್ತದೆ ಮೇಷ್ಟ್ರೇ? ಆ ದುಡ್ಡಿನಲ್ಲಿ ಮೆಣಸಿನ ಬಳ್ಳಿಗೆ ಔಷಧಿಯನ್ನಾದರೂ ಹೊಡೆಸಿ” ಎಂದಿದ್ದರು ಪಕ್ಕದ ತೋಟದವರು. ಹೋದ ಕಕ್ಕಡದಲ್ಲಿ, ಅಂದರೆ ಕೊಡವರ ಮಳೆಗಾಲದ ತಿಂಗಳಲ್ಲಿ, ರಾತ್ರಿ ಒಂಬತ್ತಾದರೂ ಏಳದೆ ಕುಳಿತವರಲ್ಲಿ ಅವರ ಮೊಮ್ಮಕ್ಕಳೇ ಮೂವರಿದ್ದರು.

ಮೊದಲ ವರ್ಷ ಮೈಕು, ಸ್ಪೀಕರ್‌ಗೆ ಹದಿನೆಂಟು ಸಾವಿರದಷ್ಟು ಸುರಿದೆ. ತಗಡಿನ ಮೇಲೆ ಮಳೆ ಬಿದ್ದರೆ ಯಾವ ಸ್ಪೀಕರ್ ಕೇಳಿಸುತ್ತದೆ? ಅದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಎಂಬತ್ತು ದಾಟಿದ ನಮ್ಮ ಅಜ್ಜಿಯೊಬ್ಬರು ಮೈಕು ಕಂಡೊಡನೆ ಬಿಗಿದುಕೊಂಡು, ಕಾವೇರಿಯನ್ನು ಮೂರೇ ನಿಮಿಷದಲ್ಲಿ ತಲಕಾವೇರಿಯಿಂದ ಕಡಲು ಮುಟ್ಟಿಸಿ ಕುಳಿತುಬಿಟ್ಟರು. ಎರಡನೆಯ ವರ್ಷ ಪ್ರೊಜೆಕ್ಟರ್ ಬಾಡಿಗೆ ದಿನಕ್ಕೆ ಏಳುನೂರು, ಕರೆಂಟ್ ಹೋದಾಗ ಜನರೇಟರಿನ ಡೀಸೆಲ್ ಬೇರೆ. ಮೂರನೆಯ ವರ್ಷ ಬಹುಮಾನವಿಟ್ಟೆ. ಮಕ್ಕಳು ಬಾಯಿಪಾಠ ಒಪ್ಪಿಸಿದರು, ಹೆತ್ತವರು ಜಗಳವಾಡಿದರು. ಒಟ್ಟು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ನಾಲ್ಕನೆಯ ವರ್ಷ ಕರೆಂಟ್ ಇಲ್ಲದ ಒಂದು ಸಂಜೆ ಅದೇ ಅಜ್ಜಿ ಒಲೆಯ ಮುಂದೆ ಹಲಸಿನ ಬೀಜ ಸುಡುತ್ತಿದ್ದರು. ಪಕ್ಕದಲ್ಲಿ ಏಳು ವರ್ಷದ ಹುಡುಗಿ. ಅವಳು “ಹೂಂ... ಆಮೇಲೆ?” ಎಂದಂತೆಲ್ಲ ಅದೇ ಕಾವೇರಿಯ ಕಥೆ ಒಂದು ಗಂಟೆ ಹರಿಯಿತು. ಅಗಸ್ತ್ಯರ ಕಮಂಡಲ, ಕೊಡಗಿನ ಬಲಮುರಿಯಲ್ಲಿ ನದಿಯನ್ನು ತಡೆಯಲು ನಿಂತ ಜನ, ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿದದ್ದು. “ನಿಮ್ಮ ನೆರಿಗೆಯೂ ಅದಕ್ಕೇ ಹಿಂದಿದೆಯೇ?” ಎಂದು ಹುಡುಗಿ ಸೆರಗು ಹಿಡಿದು ಕೇಳಿದಳು. ಅಜ್ಜಿ ಎದ್ದು ನಿಂತು ತಿರುಗಿ ತೋರಿಸಿದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಹೇಳುವವರನ್ನು ಹುಡುಕುತ್ತ ಮೂರು ವರ್ಷ ಕಳೆದಿದ್ದೆ. ಹುಡುಕಬೇಕಾದದ್ದು ಹೂಂಗುಟ್ಟುವವರನ್ನು. ಕೊಡವರು ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ನಲ್ಲಿ ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುವುದನ್ನು ಚಿಕ್ಕಂದಿನಿಂದ ಕೇಳಿದ್ದರೂ ಇದು ಹೊಳೆದಿರಲಿಲ್ಲ. ಬಿಲ್ಲು ಬಾರಿಸುತ್ತ ಕಥೆ ಹಾಡುವ ತಮಿಳರ ವಿಲ್ಲುಪ್ಪಾಟ್ಟಿನಲ್ಲಿ ‘ಆಮಾ’ (ಹೌದು) ಎನ್ನಲೆಂದೇ ಪಕ್ಕದಲ್ಲಿ ಒಬ್ಬರು ಇರುತ್ತಾರೆ. ಹೈಟಿಯಲ್ಲಿ ಕಥೆಗಾರ ‘ಕ್ರಿಕ್?’ ಎಂದು ಕೇಳುತ್ತಾನೆ, ಕೂತವರು ‘ಕ್ರಾಕ್!’ ಎಂದರೆ ಮಾತ್ರ ಕಥೆ. ಎಲ್ಲಿಯ ಹೈಟಿ, ಎಲ್ಲಿಯ ನಮ್ಮ ಒಲೆ!

ಈಗ ಒಂದೇ ನಿಯಮ: ರಾತ್ರಿಗೊಂದು ಮಗು ಹೂಂಗುಟ್ಟಬೇಕು. ಅದು ನಿದ್ದೆಹೋದರೆ ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ಉಳಿದ ಮಕ್ಕಳು ತಾವೇ ಎಬ್ಬಿಸುತ್ತಾರೆ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ, ಯರವ ಬುಡಕಟ್ಟಿನ ಅಜ್ಜನಿಗೆ ಮೊದಲು ಕನ್ನಡದಲ್ಲಿಯೇ ಹೇಳಿ ಎಂದು ಒತ್ತಾಯಿಸಿದ್ದು ನನ್ನ ತಪ್ಪು. ಅವರ ಭಾಷೆಯಲ್ಲಿಯೇ ಬಿಟ್ಟು, ಲೈನಿನ ಹುಡುಗನನ್ನು ಹೂಂಗುಟ್ಟಲು ಕೂರಿಸಿದೆ. ಅವನು ನಡುನಡುವೆ ಕನ್ನಡದಲ್ಲಿ ಹೇಳುತ್ತ ಹೋದ. ಶಾಲೆಯಲ್ಲಿ ಬಾಯಿ ಬಿಡದಿದ್ದ ಹುಡುಗ ಅಂದು ಇಪ್ಪತ್ತೈದು ಮೂವತ್ತು ಮಕ್ಕಳ ನಡುವೆ ರಾಜನಂತೆ ಕುಳಿತಿದ್ದ.

ಬೆಂಗಳೂರಿನಲ್ಲಿರುವ ಮೊಮ್ಮಗಳನ್ನು ವೀಡಿಯೊ ಕರೆಯಲ್ಲಿ ಹೂಂಗುಟ್ಟಿಸಿಯೂ ನೋಡಿದೆ. ಹೂಂ ತಡವಾಗಿ ಬಂದು ಅಜ್ಜಿಯ ಮಾತಿಗೆ ಅಡ್ಡವಾಗುತ್ತಿತ್ತು. ಬರೀ ಫೋನ್ ಕರೆ ಮಾಡಿದಾಗ ಸರಿಹೋಯಿತು. ವೀಡಿಯೊ ಬಳಸುವವರು ಇದನ್ನು ಪರೀಕ್ಷಿಸಿ ನೋಡಿ.

ಮೊದಲ ರಾತ್ರಿ ಯಾವ ಕಥೆ ಹೇಳಿಸುತ್ತೇನೆ, ಅದನ್ನು ಎಲ್ಲಿ ನಿಲ್ಲಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಗೋದಾಮಿಗೇ ಬನ್ನಿ. ಹೋದ ಮಳೆಗಾಲದ ಖರ್ಚು ಬೆಲ್ಲದ ಕಾಫಿಗೂ ಸೌದೆಗೂ ಸೇರಿ ಎರಡು ಸಾವಿರ ದಾಟಲಿಲ್ಲ. ಹಲಸಿನ ಬೀಜವನ್ನು ಪಕ್ಕದ ತೋಟದವರೇ ಕಳುಹಿಸಿದರು. ಈ ಸಲ ಕಕ್ಕಡ ಹದಿನೆಂಟರಂದು, ಆ ದಿನ ಮಾಡುವ ಮದ್ದುಸೊಪ್ಪಿನ (ಔಷಧಿಯ ಗುಣದ ಕಾಡುಸೊಪ್ಪಿನ) ಪಾಯಸದ ನಂತರ, ಅಜ್ಜಿ ಅರ್ಧಕ್ಕೆ ನಿಂತ ಕಥೆಯನ್ನು ಮುಂದುವರಿಸುತ್ತಾರೆ. ಹೂಂಗುಟ್ಟಲು ಆ ತೋಟದವರ ಕಿರಿಯ ಮೊಮ್ಮಗ ಆಗಲೇ ಹೆಸರು ಕೊಟ್ಟಿದ್ದಾನೆ.