ಐದು ಜನ, ಆರು ಹೊತ್ತು, ಒಂದು ಕುಕ್ಕರ್

ಕಳೆದ ಜನವರಿಯಲ್ಲಿ ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿಕೊಂಡು ಇದ್ದು ಬಂದೆವು. ನಾನು, ನಮ್ಮೆಜಮಾನರು, ಅತ್ತೆ, ಇಬ್ಬರು ಮಕ್ಕಳು. ಆರು ಹೊತ್ತಿನ ಊಟ ತಿಂಡಿಯಲ್ಲಿ ಐದು ಹೊತ್ತಿನದು ಒಂದು ಐದು ಲೀಟರ್ ಕುಕ್ಕರ್ ಮತ್ತು ಒಂದು ಬಟ್ಟೆ ಚೀಲದಲ್ಲಿ ಹೋಯಿತು. ಉಳಿದ ಒಂದು ಹೊತ್ತಿನದು ಅತ್ತೆಯ ತೊಡೆಯ ಮೇಲೆ. ನಂಬಿ, ಡಿಕ್ಕಿಯಲ್ಲಿ ಜಾಗ ಮಿಕ್ಕಿತ್ತು. ನಮ್ಮದು ಹಳೇ ಆಲ್ಟೊ. ಆ ಗಾಡಿ ಇರುವವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಇದನ್ನು ಬರೆಯೋಕೆ ಕಾರಣ ನನ್ನ ಮೈದುನ. "ಅತ್ತಿಗೆ, ಕುಕ್ಕರಲ್ಲಿ ಊಟ ತುಂಬ್ಕೊಂಡು ಹೋಗೋದಕ್ಕೆ ಕ್ಯಾಂಪಿಂಗ್ ಅನ್ನಲ್ಲ, ಮನೆ ಖಾಲಿ ಮಾಡೋದು ಅಂತಾರೆ" ಎಂದು ಎರಡು ವರ್ಷ ಆಡಿಕೊಂಡ. ಈ ಸಲ ಅವನೂ ಹೆಂಡತಿ ಜೊತೆ ತನ್ನ ದೊಡ್ಡ ಗಾಡಿಯಲ್ಲಿ ಬಂದಿದ್ದ. ಅವನ ಕಥೆ ಆಮೇಲೆ ಹೇಳುತ್ತೇನೆ.

ಮೊದಲ ಸಲ ನಾವು ಮಾಡಿದ ತಪ್ಪು ನೆನೆದರೆ ಈಗಲೂ ನಗು ಬರುತ್ತದೆ. ಮಕ್ಕಳಿಗೆ ದೋಸೆ ಬೇಕು ಅಂತ ಹಿಂದಿನ ರಾತ್ರಿ ಹಿಟ್ಟು ರುಬ್ಬಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟೆ. ಮೈಸೂರು ಬಿಟ್ಟಾಗ ಡಬ್ಬಿಯ ಮುಕ್ಕಾಲು ಭಾಗ ಇತ್ತು. ಹೊಳೆನರಸೀಪುರದ ಹತ್ತಿರ ಕಾಫಿಗೆ ನಿಲ್ಲಿಸಿದಾಗ ಡಿಕ್ಕಿ ತೆಗೆದರೆ ಮುಚ್ಚಳ ಒಂದು ಕಡೆ, ಹಿಟ್ಟು ಎಲ್ಲಾ ಕಡೆ. ಬಿಸಿಲಿಗೆ ಡಿಕ್ಕಿ ಕಾದು, ಹಿಟ್ಟು ಉಬ್ಬಿ, ಟೆಂಟಿನ ಚೀಲದ ಒಳಗೂ ಇಳಿದಿತ್ತು. ಆ ಟೆಂಟನ್ನು ನಾಲ್ಕು ಸಲ ತೊಳೆದಿದ್ದೇನೆ. ಮಳೆ ಬಂದರೆ ಒಂದು ಮೂಲೆ ಇನ್ನೂ ಹುಳಿ ವಾಸನೆ ಹೊಡೆಯುತ್ತದೆ. ಅದೇ ಪ್ರವಾಸದಲ್ಲಿ ಕಾಯಿ ಚಟ್ನಿ ಹಳಸಿತು, ಹಾಲಿನ ಪ್ಯಾಕೆಟ್ ಒಡೆಯಿತು. ಬಿಸಿ ಬಿಸಿಯಾಗಿ ಡಬ್ಬಿಗೆ ತುಂಬಿದ ಚಪಾತಿ ಬೆವರಿ ಮುದ್ದೆಯಾಯಿತು. ಎರಡೂ ದಿನ ಹೋಟೆಲಿಗೆ ಹೋಗಿ ತಿಂದೆವು. ಸುಮಾರು ಎರಡು ಸಾವಿರ ಹೋಯಿತು, ಪೆಟ್ರೋಲ್ ಬೇರೆ.

ಎರಡನೇ ಸಲ ದುಡ್ಡು ಸುರಿದೆ. ಬಿಸಿನೀರಿನಲ್ಲಿ ಇಟ್ಟು ತಿನ್ನುವ ಪೌಚ್‌ಗಳು ಬರುತ್ತವಲ್ಲ, ಅವನ್ನೇ ಇಪ್ಪತ್ತೋ ಇಪ್ಪತ್ತೆರಡೋ ತಂದೆ. ಎರಡೂವರೆ ಸಾವಿರದ ಮೇಲಾಯಿತು. ಒಂದೊಂದೂ ಮುನ್ನೂರು ಗ್ರಾಂ ಆಸುಪಾಸು, ಅದರಲ್ಲಿ ಜಾಸ್ತಿ ಇರೋದು ನೀರೇ. ತೋಟದಲ್ಲಿ ಒಳ್ಳೇ ಒರತೆ ನೀರು ಇರುವಾಗ ಮೈಸೂರಿಂದ ದುಡ್ಡು ಕೊಟ್ಟು ನೀರು ಹೊತ್ತುಕೊಂಡು ಹೋದೆವು! ಮಕ್ಕಳಿಗೆ ಒಂದು ಪೌಚ್ ಸಾಲಲ್ಲ, ಎರಡು ಜಾಸ್ತಿ. ಜೊತೆಗೆ ಅನ್ನ ಮಾಡೋಣ ಅಂತ ಕುಕ್ಕರ್ ತೆಗೆದರೆ ವಿಷಲ್ಲೇ ಇಲ್ಲ. ಮನೆಯ ಅಡುಗೆಕಟ್ಟೆ ಮೇಲೆ ಬಿಟ್ಟು ಬಂದಿದ್ದೆ. ಮುಚ್ಚಳದ ಮೇಲೆ ಕಲ್ಲು ಇಡೋಣ ಅಂದರು ನಮ್ಮೆಜಮಾನರು. ನಾನು ಬಿಡಲಿಲ್ಲ. ಅವತ್ತಿಂದ ವಿಷಲ್ಲನ್ನು ದಾರ ಕಟ್ಟಿ ಕುಕ್ಕರಿನ ಹಿಡಿಗೇ ಗಂಟು ಹಾಕಿದ್ದೇನೆ.

ದಾರಿ ತೋರಿಸಿದ್ದು ನಮ್ಮ ಬೀದಿಯ ಒಬ್ಬ ಹಿರಿಯರು. ಸೈನಿಕರಿಗೆ ಆಹಾರ ತಯಾರಿಸುವ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಿಎಫ್‌ಆರ್‌ಎಲ್ ಅನ್ನೋ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇತ್ತಲ್ಲ, 1961ರಲ್ಲಿ ಶುರುವಾದದ್ದು, ಈಗ ಹೆಸರು ಬದಲಾಗಿದೆ, ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಗೋಳು ಕೇಳಿ ಒಂದೇ ಮಾತು ಹೇಳಿದರು: "ಸಾಮಾನಿನ ಪಟ್ಟಿ ಬರೀಬೇಡಮ್ಮ, ಹೊತ್ತಿನ ಪಟ್ಟಿ ಬರಿ." ಸೈನಿಕರಿಗೆ ಕೊಡೋದು ಹಾಗೇ ಅಂತೆ, ಒಬ್ಬನಿಗೆ ಒಂದು ದಿನಕ್ಕೆ ಇಷ್ಟು ಎಂದು ಒಂದೇ ಕಟ್ಟು. ನಾನು ಅಲ್ಲಿವರೆಗೆ ಅಕ್ಕಿ ಎರಡು ಕೆಜಿ, ಬೇಳೆ ಒಂದು ಕೆಜಿ, ಎಣ್ಣೆ ಒಂದು ಲೀಟರ್ ಎಂದು ದಿನಸಿ ಅಂಗಡಿ ಥರ ಬರೆಯುತ್ತಿದ್ದೆ. ಅರ್ಧಕ್ಕರ್ಧ ವಾಪಸ್ ಬರುತ್ತಿತ್ತು.

ಈಗ ಒಂದು ಹೊತ್ತಿಗೆ ಒಂದೇ ಜಿಪ್ ಕವರ್. ಅದರ ಮೇಲೆ ಯಾವಾಗ, ಎಷ್ಟು ಲೋಟ ನೀರು ಎಂದು ಬರೆದಿರುತ್ತೇನೆ. ಉಪ್ಪೂ ಅದರೊಳಗೇ. ಅಲ್ಲಿ ಹೋಗಿ ಅಳೆಯೋದು, ಹೆಚ್ಚೋದು ಏನೂ ಇಲ್ಲ.

ಶುಕ್ರವಾರ ರಾತ್ರಿಗೆ ಮನೆಯಲ್ಲೇ ಕಲಸಿದ ಪುಳಿಯೋಗರೆ, ಬಾಳೆಲೆ ಕಟ್ಟಿನಲ್ಲಿ. ಅತ್ತೆಯ ತೊಡೆಯ ಮೇಲೆ ಬಂದಿದ್ದು ಅದೇ, ಹೋದ ರಾತ್ರಿಯೇ ಖಾಲಿ. ಶನಿವಾರ ಬೆಳಿಗ್ಗೆ ಉಪ್ಪಿಟ್ಟು. ರವೆಯನ್ನು ಒಗ್ಗರಣೆಯಲ್ಲೇ ಹುರಿದು ಇಟ್ಟಿದ್ದೆ. ಹಸಿಮೆಣಸು, ಕರಿಬೇವು ಎರಡೂ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಗರಿಯಾಗಬೇಕು. ಇಲ್ಲಿ ಅವಸರ ಮಾಡಿದರೆ ನಾಲ್ಕನೇ ದಿನಕ್ಕೆ ಮುಗ್ಗಲು ವಾಸನೆ. ಒಂದು ಸಲ ಅದೂ ಆಗಿದೆ. ಮಕ್ಕಳಿಗೆ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಹಾಲಿನ ಪುಡಿ ಬೆರೆಸಿದ್ದು. ಬಿಸಿನೀರು ಹಾಕಿ ಕಲಸಿದರೆ ಆಯ್ತು, ರಾಗಿ ಅರಳಾದಾಗಲೇ ಬೆಂದಿರುತ್ತದಲ್ಲ. ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆ ಮೆಣಸು. ರಾತ್ರಿ ಬಿಸಿಬೇಳೆ ಬಾತ್. ಭಾನುವಾರ ಬೆಳಿಗ್ಗೆ ಗೊಜ್ಜವಲಕ್ಕಿ, ಮಧ್ಯಾಹ್ನ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಮೊಸರು ಮಾತ್ರ ಸಕಲೇಶಪುರದಲ್ಲಿ ಕೊಂಡಿದ್ದು.

ಬಿಸಿಬೇಳೆ ಬಾತ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಕ್ಕಿ ತೊಳೆದು ಒಣಗಿಸಿ, ಬೇಳೆ ಘಮ್ಮೆನ್ನುವಷ್ಟು ಹುರಿದು, ಪುಡಿ, ಗೋಡಂಬಿ, ಹುರಿದ ಒಣಕೊಬ್ಬರಿ ಎಲ್ಲಾ ಒಂದೇ ಕವರಿನಲ್ಲಿ. ಐದು ಜನಕ್ಕೆ ಅಕ್ಕಿ ಎರಡು ಲೋಟ, ಬೇಳೆ ಒಂದು ಲೋಟ. ಮೊದಲ ಪ್ರಯೋಗದಲ್ಲಿ ಹುಣಸೆ ಪೇಸ್ಟನ್ನೂ ಮೊದಲೇ ಹಾಕಿಬಿಟ್ಟೆ. ಹುಳಿ ಬಿದ್ದರೆ ಬೇಳೆ ಬೇಯಲ್ಲ ಅನ್ನೋದು ಗೊತ್ತಿದ್ದೂ! ಐದು ಕೂಗು ಕೂಗಿಸಿದರೂ ಹರಳು ಹರಳು. ಈಗ ಹುಳಿಯನ್ನು ಪುಟಾಣಿ ಡಬ್ಬಿಯಲ್ಲಿ ಬೇರೆ ಇಟ್ಟು, ಬೆಂದ ಮೇಲೆ ಹಾಕಿ ಒಂದು ಕುದಿ ಬರಿಸುತ್ತೇನೆ. ಅಕ್ಕಿ ಬೇಳೆ ಮುಂಚೆ ಒಂದು ಗಂಟೆ ನೆನೆದರೆ ಗ್ಯಾಸ್ ಮೂರರಲ್ಲಿ ಒಂದು ಭಾಗ ಉಳಿಯುತ್ತದೆ. ಇದು ನನ್ನ ಅಂದಾಜು, ತೂಕ ಹಾಕಿಲ್ಲ.

ಗ್ಯಾಸ್ ಅಂದರೆ ಪಕ್ಕದಲ್ಲಿ ಕ್ಯಾನ್ ಕೂರಿಸುವ ಚಿಕ್ಕ ಒಲೆ. ಒಲೆಗೆ ಸಾವಿರದ ಎಂಟುನೂರು ಕೊಟ್ಟ ನೆನಪು, ಕ್ಯಾನ್ ನೂರೈವತ್ತರ ಆಸುಪಾಸು. ಎರಡು ಒಯ್ದೆ, ಒಂದೂವರೆ ಖರ್ಚಾಯಿತು. ಅಗಲ ತಳದ ಪಾತ್ರೆ ಇದಕ್ಕೆ ಬೇಡವೇ ಬೇಡ. ಪಾತ್ರೆಯ ಅಂಚು ಕ್ಯಾನಿನ ಮೇಲೆ ಚಾಚಿದರೆ ಕ್ಯಾನ್ ಕಾಯುತ್ತದೆ, ಅದು ಅಪಾಯ. ನಾನು ಪ್ಯಾನ್ ಕುಕ್ಕರ್ ಬಿಟ್ಟು ಎತ್ತರದ ಕುಕ್ಕರ್ ಹಿಡಿದಿದ್ದು ಅದಕ್ಕೇ. ಇನ್ನೊಂದು, ಬೆಳಗಿನ ಚಳಿಗೆ ಉರಿ ಸೊರಗುತ್ತದೆ. ಕ್ಯಾನ್ ಕೂರಿಸುವ ಮುಂಚೆ ಐದು ನಿಮಿಷ ಅಂಗೈಯಲ್ಲಿ ಹಿಡಿದು ಕೂತರೆ ಸಾಕು. ಬಿಸಿನೀರಲ್ಲಿ ಇಡೋದು, ಉರಿ ಹತ್ತಿರ ಹಿಡಿಯೋದು ಮಾತ್ರ ಮಾಡಬೇಡಿ. ಸೌದೆ ಯಾಕೆ ಬೇಡ ಅಂತ ಕೇಳಬಹುದು. ಇಬ್ಬನಿಗೆ ನೆಂದ ಸೌದೆ ಊದಿ ಊದಿ ನಮ್ಮೆಜಮಾನರ ಕಣ್ಣು ಎರಡು ದಿನ ಕೆಂಪಗಿತ್ತು. ಅದೂ ಅಲ್ಲದೆ, ಒಣ ತರಗೆಲೆ ಬಿದ್ದಿರುವ ಕಾಲದಲ್ಲಿ ಬೇರೆಯವರ ತೋಟದಲ್ಲಿ ಬೆಂಕಿ ಹಾಕೋದು ಸರಿಯಲ್ಲ.

ಮಧ್ಯೆ ಕೆಲವು ಹುಚ್ಚಾಟಗಳೂ ನಡೆದವು. ಬೇಗ ಆಗುವ ಅನ್ನ ಮಾಡೋಣ ಅಂತ ಒಂದು ಮಾರ್ಚಿನಲ್ಲಿ ಒಂದು ಕೆಜಿ ಅಕ್ಕಿಯ ಅನ್ನ ಮಾಡಿ, ತಾರಸಿ ಮೇಲೆ ಸೊಳ್ಳೆಪರದೆ ಕಟ್ಟಿ ಎರಡು ದಿನ ಒಣಗಿಸಿದೆ. ಒಣಗಿತು. ಕುದಿನೀರು ಹಾಕಿ ಹತ್ತು ಹನ್ನೆರಡು ನಿಮಿಷ ಮುಚ್ಚಿಟ್ಟರೆ ಮೆತ್ತಗೂ ಆಯಿತು. ಹೆಮ್ಮೆಯಿಂದ ಅತ್ತೆಗೆ ಬಡಿಸಿದೆ. ಅವರು ಎರಡು ತುತ್ತು ತಿಂದು, "ಬೇಯಿಸಿ ಒಣಗಿಸಿದ್ದನ್ನ ನಮ್ಮೂರಲ್ಲಿ ಅವಲಕ್ಕಿ ಅಂತಾರೆ ಕಣಮ್ಮ, ಅಂಗಡೀಲಿ ಸಿಗುತ್ತೆ" ಅಂದರು. ಮುಖಕ್ಕೆ ನೀರು ಹಾಕಿದ ಹಾಗಾಯಿತು. ಆದರೆ ಗೊಜ್ಜವಲಕ್ಕಿ ಪಟ್ಟಿಗೆ ಸೇರಿದ್ದು ಅವತ್ತೇ. ಅವಲಕ್ಕಿಯನ್ನು ತರಿಯಾಗಿ ಒಡೆದರೆ ಜಾಗವೂ ಅರ್ಧ, ನೆನೆಯೋದೂ ಬೇಗ. ಪುಳಿಯೋಗರೆ ಗೊಜ್ಜನ್ನು ಬಿಸಿನೀರಲ್ಲಿ ಕದಡಿ ಸುರಿದು ಇಪ್ಪತ್ತು ನಿಮಿಷ ಮುಚ್ಚಿಡೋದು, ಅಷ್ಟೇ. ಒಂದು ಲೋಟ ತರಿಗೆ ಮುಕ್ಕಾಲು ಲೋಟ ನೀರು, ಜಾಸ್ತಿ ಆದರೆ ಗಂಜಿ. ಆ ಗೊಜ್ಜು ಹೇಗೆ ಅಂತ ಕೇಳಬೇಡಿ. ಅದು ಅತ್ತೆಯವರದು, ನನ್ನ ನಾದಿನಿಗೂ ಹೇಳಿಲ್ಲ.

ಸಾರನ್ನು ಇಂಗಿಸಿ ಇಂಗಿಸಿ ತಟ್ಟೆಗೆ ಹರಡಿ ಒಣಗಿಸಿದ್ದು ಇನ್ನೊಂದು. ಮಕ್ಕಳು ಅದಕ್ಕೆ ಸಾರಿನ ಹಪ್ಪಳ ಅಂತ ಹೆಸರಿಟ್ಟರು. ಮೂರು ಸಲ ಕೆಟ್ಟಿತು, ಒಂದು ಸಲ ಬೂಷ್ಟು, ಒಂದು ಸಲ ಇರುವೆ, ಒಂದು ಸಲ ನೀರಿಗೆ ಹಾಕಿದರೆ ಕರಗಲೇ ಇಲ್ಲ. ನಾಲ್ಕನೆಯದು ಸರಿಹೋಯಿತು. ಬೇಳೆಗೆ ಒಂದು ಸಣ್ಣ ಉಪಾಯ ಮಾಡಬೇಕು, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಶನಿವಾರ ಮಧ್ಯಾಹ್ನದ ಸಾರು ಅದರದ್ದೇ.

ರವೆ ಇಡ್ಲಿಯನ್ನೂ ನೋಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ಎಂಟಿಆರ್‌ನವರು ಹುಡುಕಿದ ದಾರಿ ಅಲ್ವಾ ಅದು, ನಮಗೂ ಆಗಬೇಕು ಅಂದುಕೊಂಡೆ. ಇಡ್ಲಿ ತಟ್ಟೆಗೆ ಜಾಗ ಇಲ್ಲ, ಕಾಫಿ ಕುಡಿಯುವ ಸ್ಟೀಲ್ ಲೋಟದಲ್ಲೇ ಹುಯ್ದು ಕುಕ್ಕರಿನಲ್ಲಿ ವಿಷಲ್ ಹಾಕದೆ ಬೇಯಿಸಿದೆ. ಚೆನ್ನಾಗಿಯೇ ಬಂತು. ಆದರೆ ಇಪ್ಪತ್ತು ನಿಮಿಷಕ್ಕೆ ಐದೇ ಲೋಟ, ಎರಡನೇ ಸಲಕ್ಕೆ ಕಾಯುವಷ್ಟರಲ್ಲಿ ಮಕ್ಕಳು ಜಗಳ. ಬಿಟ್ಟೆ.

ರೊಟ್ಟಿಯದು ಇನ್ನೊಂದು ತಕರಾರು. ಅಷ್ಟಗಲದ ಕಡಕ್ ರೊಟ್ಟಿ ಯಾವ ಡಬ್ಬಿಗೂ ಹಿಡಿಯಲ್ಲ, ಚೀಲದಲ್ಲಿ ಇಟ್ಟರೆ ಪುಡಿ. ಈಗ ನಾನೇ ಮೊದಲು ನಾಲ್ಕು ತುಂಡು ಮಾಡಿ ಜೋಡಿಸಿಬಿಡುತ್ತೇನೆ. ತಳದಲ್ಲಿ ಉಳಿದ ನುಚ್ಚಿಗೆ ಮೊಸರು ಹಾಕಿ ತಿಂದರೆ ಅದೇ ಹೆಚ್ಚು ರುಚಿ. ತಟ್ಟೆಗಳನ್ನು ಒಯ್ಯೋದೇ ಬಿಟ್ಟಿದ್ದೇನೆ. ತೋಟದವರನ್ನು ಕೇಳಿದರೆ ಬಾಳೆಲೆ ಕೊಡುತ್ತಾರೆ. ಸಾರು ಓಡುತ್ತದೆ, ಓಡಲಿ.

ಖರ್ಚು ಹೇಳಲೇಬೇಕು. ಆರು ಹೊತ್ತು, ಐದು ಜನ, ಕಾಫಿ ಪುಡಿ ಹಾಲಿನ ಪುಡಿ ಸೇರಿ ಸಾವಿರ ದಾಟಲಿಲ್ಲ. ಗ್ಯಾಸ್ ಕ್ಯಾನ್ ಬೇರೆ.

ಇನ್ನು ಮೈದುನ. ದೊಡ್ಡ ಐಸ್ ಪೆಟ್ಟಿಗೆ ತಂದಿದ್ದ, ಎರಡು ಸಾವಿರದ ಮೇಲಿನದು. ಪನೀರ್, ಬೆಣ್ಣೆ, ಬ್ರೆಡ್, ಹೆಚ್ಚಿದ ತರಕಾರಿ. ಶನಿವಾರ ಮಧ್ಯಾಹ್ನಕ್ಕೆ ಐಸ್ ಕರಗಿ ಬ್ರೆಡ್ ತೇಲುತ್ತಿತ್ತು. ಪನೀರ್ ಹುಳಿಯಾಗಿತ್ತು. ರಾತ್ರಿ ನಮ್ಮ ಕುಕ್ಕರ್ ಕೂಗಿ, ತುಪ್ಪ ಬಿದ್ದ ಬಿಸಿಬೇಳೆ ಬಾತಿನ ವಾಸನೆ ಹೋದಾಗ ಗಂಡ ಹೆಂಡತಿ ಇಬ್ಬರೂ ಬಾಳೆಲೆ ಹಿಡಿದು ಬಂದರು. ಏಳು ಜನಕ್ಕೆ ಸಾಕಾಯಿತು, ಮಕ್ಕಳಿಗೆ ಮಾತ್ರ ಎರಡನೇ ಸಲ ಬಡಿಸಲು ಕಮ್ಮಿ ಬಿತ್ತು. ಅವನು ಕೈ ತೊಳೆಯುತ್ತಾ, "ಅತ್ತಿಗೆ, ನಾಳೆ ಬೆಳಿಗ್ಗೆ ಏನು?" ಅಂದ. ನಾನು ಕವರ್ ಎತ್ತಿ ತೋರಿಸಿದೆ. ಅದರ ಮೇಲೆ ಬರೆದಿತ್ತು: ಭಾನುವಾರ, ಗೊಜ್ಜವಲಕ್ಕಿ, ಐದು ಜನಕ್ಕೆ.