ನಿಂತುಹೋಗಿದ್ದ ಡೆಡ್‌ಲಿಫ್ಟ್ ಪವರ್ ಕ್ಲೀನ್‌ನಿಂದ ಮೇಲೆದ್ದದ್ದು

ಹೆಚ್ಚು ಕಡಿಮೆ ಒಂದು ವರ್ಷ ನನ್ನ ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡ್ ಎತ್ತಿ ನೇರ ನಿಲ್ಲುವುದು) 140 ಕೆಜಿ ಬಿಟ್ಟು ಕದಲಲಿಲ್ಲ. ಈಗ 160 ಕೆಜಿ ಐದು ರೆಪ್ (ಒಂದೇ ಸೆಟ್‌ನಲ್ಲಿ ಐದು ಸಲ) ಆರಾಮಾಗಿ ಬರುತ್ತಿದೆ. ವಯಸ್ಸು ನಲವತ್ತರ ಹತ್ತಿರ, ದೇಹದ ತೂಕ 76-77. ಊಟ ಅದೇ, ನಿದ್ದೆ ಅದೇ. ಬದಲಾಗಿದ್ದು ಒಂದೇ. ವಾರಕ್ಕೆ ಎರಡು ಸಲ ಮಾಡುತ್ತಿದ್ದ ಡೆಡ್‌ಲಿಫ್ಟ್‌ನಲ್ಲಿ ಒಂದನ್ನು ಕಿತ್ತು ಪವರ್ ಕ್ಲೀನ್ ಹಾಕಿದೆ. ಅಂದರೆ ರಾಡನ್ನು ನೆಲದಿಂದ ಒಂದೇ ಏಟಿಗೆ ಭುಜಕ್ಕೆ ತರುವುದು.

ಇದನ್ನು ಹೇಳಿದಾಗ ಜಿಮ್ಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅದೆಲ್ಲ ಕಾಂಪಿಟಿಷನ್ ಹುಡುಗರಿಗೆ ಮಾರಾಯ್ರೆ, ಸುಮ್ನೆ ಸೊಂಟ ಹಾಳು ಮಾಡ್ಕೊಳ್ತೀರಿ" ಅಂದರು. ನಮ್ಮ ಕುಂದಾಪುರದ ಕಡೆ ಕ್ಲೀನ್ ಅಂದರೆ ಎಲ್ಲರಿಗೂ ನೆನಪಾಗುವುದು ವೇಟ್‌ಲಿಫ್ಟರ್ ಗುರುರಾಜ ಪೂಜಾರಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 61 ಕೆಜಿ ವಿಭಾಗದಲ್ಲಿ ಅವರು ಸ್ನ್ಯಾಚ್ (ನೆಲದಿಂದ ಒಂದೇ ಸಲಕ್ಕೆ ತಲೆ ಮೇಲಕ್ಕೆ) 118, ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ) 151, ಒಟ್ಟು 269 ಕೆಜಿ ಎತ್ತಿ ಕಂಚು ತಂದರು. ಆ ಮಟ್ಟದಲ್ಲಿ ರಾಡ್ ಕೆಳಗೆ ಪೂರ್ತಿ ಕೂತು ಹಿಡಿಯಬೇಕು. ಅದಕ್ಕೆ ಕೋಚ್ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಪವರ್ ಕ್ಲೀನ್ ಹಾಗಲ್ಲ. ಮೊಣಕಾಲು ಸ್ವಲ್ಪ ಮಡಿಸಿ ಭುಜದ ಮೇಲೆ ಹಿಡಿದರೆ ಮುಗಿಯಿತು.

ನನ್ನ ಲೆಕ್ಕ ಸರಳ. ಡೆಡ್‌ಲಿಫ್ಟನ್ನು ಹಲ್ಲು ಕಚ್ಚಿ ನಿಧಾನವಾಗಿ ಎಳೆದು ಮುಗಿಸಬಹುದು. ಕ್ಲೀನ್ ನಿಧಾನವಾಗಿ ಬರುವುದೇ ಇಲ್ಲ. ವೇಗ ಇದ್ದರೆ ಭುಜಕ್ಕೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಮೈಗೆ ದಣಿವೂ ಕಡಿಮೆ. ಸೋಮವಾರ ಭಾರೀ ಡೆಡ್‌ಲಿಫ್ಟ್, ಬುಧವಾರ ಕ್ಲೀನ್, ಶುಕ್ರವಾರ ನೆಲದಿಂದ ಏನೂ ಎಳೆಯುವುದಿಲ್ಲ, ಬರೀ ಚಿನ್-ಅಪ್. ಸ್ಕ್ವಾಟ್ (ರಾಡ್ ಹೊತ್ತು ಕೂತು ಏಳುವುದು) ಮೂರೂ ದಿನ, ಬುಧವಾರ ಮಾತ್ರ ಹಗುರ. ಬೆಂಚ್ (ಮಲಗಿ ರಾಡ್ ತಳ್ಳುವುದು), ಪ್ರೆಸ್ (ನಿಂತು ತಲೆ ಮೇಲೆ ತಳ್ಳುವುದು) ಅದಲು ಬದಲು.

ಈಗ ದುಡ್ಡಿನ ಮಾತು. ಮೊದಲು ಮಾಡುತ್ತಿದ್ದದ್ದು ಮಹಡಿ ಮೇಲಿನ ಜಿಮ್ಮಿನಲ್ಲಿ. ಅಲ್ಲಿ ರಾಡ್ ಕೆಳಗೆ ಬಿಡುವ ಹಾಗಿಲ್ಲ. ಭುಜದಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಮೆಲ್ಲಗೆ ಇಳಿಸಿ ಇಳಿಸಿ ಬೈಸೆಪ್ಸ್ ನೋವು ಬಂತು. ಕೊನೆಗೆ ಮನೆ ಹಿಂದಿನ ಶೆಡ್ಡನ್ನೇ ಖಾಲಿ ಮಾಡಿಸಿದೆ. ಮೊದಲ ರಾಡ್ 4,500 ರೂಪಾಯಿ. ಅಂಗಡಿಯವರು 300 ಕೆಜಿ ತಡೆಯುತ್ತದೆ ಅಂದಿದ್ದರು. 70 ಕೆಜಿ ಹಾಕಿ ಕೆಲವು ವಾರ ನೆಲಕ್ಕೆ ಬಿಟ್ಟಿದ್ದಕ್ಕೇ ನಡು ಬಾಗಿತು. ಸ್ಲೀವ್ (ಪ್ಲೇಟ್ ಹಾಕುವ ತುದಿ) ತಿರುಗುತ್ತಲೂ ಇರಲಿಲ್ಲ. ತಿರುಗದಿದ್ದರೆ ಎಲ್ಲ ಪೆಟ್ಟು ಮಣಿಕಟ್ಟಿಗೆ. ಎರಡನೆಯದು 28 ಎಂಎಂ, ಸ್ಲೀವ್ ಸಲೀಸಾಗಿ ತಿರುಗಲು ಬುಷ್ ಇರುವ ರಾಡ್, 14 ಸಾವಿರದ ಆಸುಪಾಸು. ಬಂಪರ್ ಪ್ಲೇಟ್ (ನೆಲಕ್ಕೆ ಬಿಡಬಹುದಾದ ರಬ್ಬರ್ ಪ್ಲೇಟ್) ಕೆಜಿಗೆ 280ರಂತೆ 80 ಕೆಜಿ ತಂದೆ. ಪ್ಲೈವುಡ್, ರಬ್ಬರ್ ಮ್ಯಾಟ್ ಸೇರಿ ಇನ್ನೊಂದು ಹತ್ತು ಸಾವಿರ. ಒಟ್ಟು ಐವತ್ತು ಸಾವಿರ ದಾಟಿತು. ನಮ್ಮ ಕಡಲ ಗಾಳಿಗೆ ಮಳೆಗಾಲದಲ್ಲಿ ರಾಡ್ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ಬ್ರಷ್ ಹಾಕಿ ಎಣ್ಣೆ ಒರೆಸುವ ಕೆಲಸ ಬೇರೆ.

5 ಕೆಜಿ ಬಂಪರ್ ಮಾತ್ರ ತರಬೇಡಿ. ತೆಳ್ಳಗಿರುತ್ತದೆ, ಅದೊಂದನ್ನೇ ಹಾಕಿ ಬಿಟ್ಟರೆ ಸೀಳುತ್ತದೆ. ನನ್ನ ಜೋಡಿ ಹಾಗೇ ಹೋಯಿತು. ಕಬ್ಬಿಣದ ಸಣ್ಣ ಪ್ಲೇಟ್ ಮಾತ್ರ ಇರುವವರು ಅದರ ಕೆಳಗೆ ಪ್ಲೈವುಡ್ ತುಂಡು ಜೋಡಿಸಿ ರಾಡನ್ನು ಮೇಲಕ್ಕೆ ತನ್ನಿ. ದೊಡ್ಡ ಪ್ಲೇಟಿನ ಅಡ್ಡಳತೆ 450 ಎಂಎಂ, ಅಂದರೆ ರಾಡ್ ನೆಲದಿಂದ 22.5 ಸೆಂಮೀ ಮೇಲಿರಬೇಕು. ಅದಕ್ಕಿಂತ ಕೆಳಗಿದ್ದರೆ ಮೊದಲ ಎಳೆತದಲ್ಲೇ ಬೆನ್ನು ಗುಂಡಗಾಗುತ್ತದೆ.

ಕ್ಲೀನನ್ನು 40 ಕೆಜಿಯಿಂದ ಶುರು ಮಾಡಿದೆ. ಮೂರು ರೆಪ್, ಐದು ಸೆಟ್, ನಡುವೆ ಎರಡು ನಿಮಿಷ ಬಿಡುವು. 60ರವರೆಗೆ ಪ್ರತಿ ವಾರ 2.5 ಕೆಜಿ ಏರಿತು. ಆಮೇಲೆ ನಿಂತಿತು. 62.5 ಬರುತ್ತದೆ, 65 ಬರುವುದಿಲ್ಲ. ಎರಡು ತಿಂಗಳು ಅಲ್ಲೇ ಒದ್ದಾಟ. ತರಬೇತಿಯ ಪ್ರೋಗ್ರಾಂನಲ್ಲಿ ಸ್ಕ್ವಾಟ್ ಮೊದಲು, ಕ್ಲೀನ್ ಕೊನೆಗೆ ಇರುತ್ತದೆ ಅಲ್ವಾ? ಅದನ್ನು ತಿರುಗಿಸಿದೆ. ಕಾಲು ತಾಜಾ ಇರುವಾಗಲೇ ಕ್ಲೀನ್. ಜೊತೆಗೆ ಲೇತ್ ಅಂಗಡಿಯಲ್ಲಿ ಅರ್ಧ ಕೆಜಿಯ ಬಿಲ್ಲೆ ಮಾಡಿಸಿದೆ, ಆರುನೂರು ರೂಪಾಯಿಗೆ ಎರಡು ಜೋಡಿ. ವಾರಕ್ಕೆ ಒಂದೇ ಕೆಜಿ ಏರಿಸುತ್ತಾ ಹೋದೆ. 82ರ ತನಕ ಬಂದಿದ್ದೇನೆ. ಡೆಡ್‌ಲಿಫ್ಟ್‌ನ ಅರ್ಧ ಆಯಿತು, ನನ್ನ ವಯಸ್ಸಿಗೆ ಇದು ಒಳ್ಳೆಯ ಲೆಕ್ಕವೇ. ಈ ಐವತ್ತು ಸಾವಿರದಲ್ಲಿ ಅತಿ ಹೆಚ್ಚು ಲಾಭ ಕೊಟ್ಟಿದ್ದು ಆ ಆರುನೂರು ರೂಪಾಯಿ.

ಒಂದು ನಿಯಮ ಬಿಟ್ಟುಕೊಡುವುದಿಲ್ಲ. ರಾಡ್ ಮೊಣಕಾಲು ದಾಟಿದ ಮೇಲೆ ನಿಧಾನವಾಯಿತು ಅಂದರೆ ಆ ದಿನದ ಕ್ಲೀನ್ ಮುಗಿಯಿತು. ಸೆಟ್ ಉಳಿದಿದ್ದರೂ ಸರಿ. ಕೈಯಿಂದ ಎಳೆದು ಮೇಲೆ ತಂದ ರೆಪ್ ನನ್ನ ಪುಸ್ತಕದಲ್ಲಿ ಬರೆಯುವುದಿಲ್ಲ. ಹುಕ್ ಗ್ರಿಪ್ (ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಸೇರಿಸಿ ಹಿಡಿಯುವುದು) ಮೊದಲ ದಿನದಿಂದಲೇ ಹಿಡಿಯಿರಿ, ಹೆಬ್ಬೆರಳು ಮೂರು ವಾರ ಉರಿಯುತ್ತದೆ, ಆಮೇಲೆ ಏನೂ ಆಗುವುದಿಲ್ಲ. ಕೊನೆಯ ವಾರ್ಮ್-ಅಪ್ ಸೆಟ್‌ನಲ್ಲಿ ನಾನು ಪಾದ ಇಡುವ ಒಂದು ಕ್ರಮ ಇದೆ. 70 ದಾಟಲು ನೆರವಾಗಿದ್ದು ಅದೇ. ಅದನ್ನು ಶೆಡ್ಡಿಗೆ ಬಂದು ಜೊತೆಗೆ ಎತ್ತುವವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಸ್ನ್ಯಾಚ್ ಕೂಡ ನೋಡಿದೆ. ಭುಜ ಅಷ್ಟು ಹಿಂದಕ್ಕೆ ಹೋಗಲಿಲ್ಲ, ಕೈಬಿಟ್ಟೆ. ಗೋಣಿಚೀಲಕ್ಕೆ 50 ಕೆಜಿಯಷ್ಟು ಮರಳು ತುಂಬಿ ಭುಜಕ್ಕೆ ಎಸೆದುಕೊಳ್ಳುವುದೂ ನಡೆಯಿತು. ಉಸಿರಿಗೆ ಬಹಳ ಒಳ್ಳೆಯದು, ಆದರೆ ವಾರಕ್ಕೆ ಒಂದು ಕೆಜಿ ಏರಿಸಿ ಅಳೆಯಲು ಆಗುವುದಿಲ್ಲ. ಪಕ್ಕದ ಮನೆಯ ವಾಲಿಬಾಲ್ ಹುಡುಗರು ಇಬ್ಬರು ಬೇಸಿಗೆ ರಜೆಯಲ್ಲಿ ಬಂದರು. ಅವರಿಗೆ ನೆಲದಿಂದ ಕಲಿಸಲಿಲ್ಲ. ರಾಡನ್ನು ತೊಡೆಯ ಅರ್ಧ ಎತ್ತರದಲ್ಲಿ ಹಿಡಿದು ಜಿಗಿಯಿರಿ ಅಂದೆ, ಅಷ್ಟೇ. ಮೊದಲ ಸಂಜೆಯೇ ಖಾಲಿ ರಾಡ್ ಭುಜಕ್ಕೆ ಬಂತು. ರಜೆ ಮುಗಿಯುವ ಹೊತ್ತಿಗೆ ಇಬ್ಬರೂ 50ರ ಆಸುಪಾಸು ಎತ್ತುತ್ತಿದ್ದರು. ಗೋಡೆಗೆ ಸುಣ್ಣದ ಗುರುತು ಹಾಕಿ ನೋಡಿದರೆ ಜಿಗಿತ ಎರಡು ಇಂಚಿನಷ್ಟು ಏರಿತ್ತು. ಆ ಗುರುತು ನೋಡಿದ ಮೇಲೆ, ಮೊದಲು ಸೊಂಟದ ಮಾತಾಡಿದ್ದ ಜಿಮ್ಮಿನವರಲ್ಲೇ ಇಬ್ಬರು ಈಗ ಬುಧವಾರ ಸಂಜೆ ಶೆಡ್ಡಿಗೆ ಬರುತ್ತಿದ್ದಾರೆ.